ಸ್ಪೋಕ್ ಕಡ್ಡಿಯ ಮೈಕ್ರೋಮೀಟರ್

(ಮೆಕ್ಯಾನಿಕಲ್ ಡಿಪ್ಲೊಮಾ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳಿವು. ಬರೆದುಕೊಡಿ ಎಂದು ಕೇಳಿದರು, ನೆನಪಿದ್ದಷ್ಟು ಬರೆದಿದ್ದೇನೆ. ಮಧ್ಯೆ ಕರೆಂಟು ಹೋಗಿ, ಮೈಕಿಲ್ಲದೆ ಕೂಗಿ ಹೇಳಿದ್ದೂ ಇದರಲ್ಲಿ ಸೇರಿದೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಹೊರಗೆ ಬೋರ್ಡಿನ ಮೇಲೆ "ಹಳೆಯ ಇಂಡಿಯನ್ ರೇಸ್ ಬೈಕಿನ ಕಥೆ" ಅಂತ ಸೀಮೆಸುಣ್ಣದಲ್ಲಿ ಬರೆದಿದ್ದಾರೆ. ಅದನ್ನು ನೋಡಿ, ಮೈಸೂರಿನ ಜಾವಾ, ಯೆಜ್ಡಿ ಬಗ್ಗೆ ಕೇಳೋಣ ಅಂತ ಬಂದು ಕೂತವರಿದ್ದರೆ ಕ್ಷಮಿಸಿ. ಇಂಡಿಯನ್ ಅನ್ನುವುದು ಅಮೆರಿಕದ ಒಂದು ಕಂಪನಿಯ ಹೆಸರು. ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ ಅದರ ಕಾರ್ಖಾನೆ ಇತ್ತು, 1953ರಲ್ಲಿ ಮುಚ್ಚಿತು. ಹೆಸರು ಅಮೆರಿಕದ ಮೂಲನಿವಾಸಿಗಳದ್ದು. ನಮಗೂ ಅದಕ್ಕೂ ಸಂಬಂಧವಿಲ್ಲ. ಬೈಕು ಅಮೆರಿಕದ್ದು, ಅದನ್ನು ಬಿಚ್ಚಿ ಮತ್ತೆ ಹುಟ್ಟಿಸಿದವನು ನ್ಯೂಜಿಲೆಂಡಿನವನು, ಕಥೆ ಹೇಳೋಕೆ ಬಂದಿರೋನು ಪೀಣ್ಯದ ಒಬ್ಬ ಟರ್ನರ್.

ನಾನು ಮೇಷ್ಟ್ರಲ್ಲ. ಎರಡು ಲೇತು, ಒಂದು ಬೋರಿಂಗ್ ಮೆಷಿನ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುವವನು. ಹಾಗಾಗಿ ಈ ಕಥೆಯಲ್ಲಿ ರೇಸಿಗಿಂತ ಶೆಡ್ಡಿನ ಮಾತೇ ಜಾಸ್ತಿ ಬರುತ್ತೆ. ರೇಸು ಯಾರು ಬೇಕಾದರೂ ಹೇಳುತ್ತಾರೆ.

ಹರ್ಬರ್ಟ್ ಜೇಮ್ಸ್ ಮನ್ರೋ, ಎಲ್ಲರ ಬಾಯಲ್ಲಿ ಬರ್ಟ್ ಮನ್ರೋ. ಹುಟ್ಟಿದ್ದು 1899ರಲ್ಲಿ, ನ್ಯೂಜಿಲೆಂಡಿನ ದಕ್ಷಿಣದ ತುದಿಯಲ್ಲಿರುವ ಇನ್ವರ್‌ಕಾರ್ಗಿಲ್ ಊರಿನಲ್ಲಿ. ಅಲ್ಲಿಂದ ಇನ್ನೂ ಕೆಳಕ್ಕೆ ಹೋದರೆ ಒಂದೆರಡು ದ್ವೀಪ, ಆಮೇಲೆ ಬರೀ ತಣ್ಣನೆಯ ಸಮುದ್ರ. ಪಕ್ಕದ ಎಡೆಂಡೇಲ್ ಎಂಬಲ್ಲಿ ಅಪ್ಪನ ಹೊಲ. ಅವನ ಜೊತೆ ಹುಟ್ಟಿದ ಅವಳಿ ತಂಗಿ ಹುಟ್ಟುವಾಗಲೇ ತೀರಿಕೊಂಡಳು, ಇವನೂ ಎರಡು ವರ್ಷ ದಾಟುವುದಿಲ್ಲ ಅಂತ ಡಾಕ್ಟರು ಹೇಳಿದ್ದರಂತೆ. ಆತ ಬದುಕಿದ್ದು 78 ವರ್ಷ. ನಾನು ಏಕವಚನದಲ್ಲಿ ಮಾತಾಡುತ್ತಿದ್ದೇನೆ, ತಪ್ಪು ತಿಳಿಯಬೇಡಿ. ವರ್ಕ್‌ಶಾಪಿನಲ್ಲಿ ಜೊತೆಗಾರನನ್ನು ಹಾಗೇ ಕರೆಯುವುದು.

1920ರಲ್ಲಿ, ಇಪ್ಪತ್ತೊಂದರ ಹುಡುಗ, ಒಂದು ಇಂಡಿಯನ್ ಸ್ಕೌಟ್ ಕೊಂಡ. ಆ ಮಾಡೆಲ್ಲು ಆಗ ತಾನೇ ಬಂದಿತ್ತು. ವಿನ್ಯಾಸ ಮಾಡಿದವನು ಚಾರ್ಲ್ಸ್ ಫ್ರಾಂಕ್ಲಿನ್, ಐರ್ಲೆಂಡಿನವನು. ಮನ್ರೋಗೆ ಸಿಕ್ಕಿದ್ದು ಕಾರ್ಖಾನೆಯಿಂದ ಹೊರಬಿದ್ದ 627ನೇ ಸ್ಕೌಟ್. ಸುಮಾರು 600 ಸಿಸಿ, ವಿ ಆಕಾರದ ಎರಡು ಸಿಲಿಂಡರು, ಮೂರು ಗೇರು. ಗಂಟೆಗೆ 55 ಮೈಲಿ, ಅಂದರೆ 88 ಕಿಲೋಮೀಟರು ಓಡಿದರೆ ಅದರ ಕಥೆ ಮುಗಿಯಿತು. ಆ ಕಾಲಕ್ಕೆ ಅದು ಚಿಕ್ಕದೇನಲ್ಲ. ಹೊಲ ಸುತ್ತಿ ಊರಿಗೆ ಹೋಗಿ ಬರೋಕೆ ಒಳ್ಳೆಯ ಗಾಡಿ.

1926ರಲ್ಲಿ ಅದಕ್ಕೆ ಕೈ ಹಾಕಿದ. ಕೈ ತೆಗೆದದ್ದು ಹೆಚ್ಚು ಕಮ್ಮಿ ಸಾಯುವ ಕಾಲಕ್ಕೆ.

ದುಡ್ಡಿರಲಿಲ್ಲ. ಹಗಲು ಮೋಟಾರ್‌ಸೈಕಲ್ ಮಾರುವ ಕೆಲಸ, ಮೆಕ್ಯಾನಿಕ್ ಕೆಲಸ, ರಾತ್ರಿ ಶೆಡ್ಡು. ಎಷ್ಟೋ ಸಲ ಶೆಡ್ಡಿನಲ್ಲೇ ಬೆಳಗಾಗಿ, ಅಲ್ಲಿಂದಲೇ ಡ್ಯೂಟಿಗೆ ಹೋಗುತ್ತಿದ್ದ. ಮದುವೆಯಾಗಿ ನಾಲ್ಕು ಮಕ್ಕಳಾದವು, 1947ರಲ್ಲಿ ವಿಚ್ಛೇದನವೂ ಆಯಿತು. ಆಮೇಲೆ ಕೆಲಸ ಬಿಟ್ಟು, ಒಂದು ಗ್ಯಾರೇಜು ಶೆಡ್ಡಿನಲ್ಲೇ ಹಾಸಿಗೆ ಹಾಕಿಕೊಂಡು ಬೈಕುಗಳ ಪಕ್ಕ ಮಲಗಿದ. ಇದನ್ನು ಕೇಳಿ ನೀವು ನಗುತ್ತಿದ್ದೀರಿ. ನಮ್ಮ ಮನೆಯವರಿಗೆ ಈ ಭಾಗ ಹೇಳಿದಾಗ ಅವರು ನಗಲಿಲ್ಲ.

ಈಗ ಎಂಜಿನ್ನಿಗೆ ಬರೋಣ. ಸ್ಕೌಟ್‌ನದು ಸೈಡ್ ವಾಲ್ವ್ ಎಂಜಿನ್. ಅಂದರೆ ವಾಲ್ವುಗಳು ಪಿಸ್ಟನ್ನಿನ ತಲೆಯ ಮೇಲಿಲ್ಲ, ಸಿಲಿಂಡರಿನ ಪಕ್ಕದಲ್ಲಿ ಬಾಯಿ ಮೇಲಕ್ಕೆ ಮಾಡಿ ನಿಂತಿವೆ. ಪೆಟ್ರೋಲು ಗಾಳಿ ಒಳಗೆ ಬರಬೇಕಾದರೆ ಮೇಲಕ್ಕೆ ಹತ್ತಿ, ಪಕ್ಕಕ್ಕೆ ಹೊರಳಿ, ಮತ್ತೆ ಕೆಳಕ್ಕಿಳಿಯಬೇಕು. ಹೆಬ್ಬಾಗಿಲು ಬಿಟ್ಟು ಹಿತ್ತಿಲ ಸಂದಿಯಿಂದ ಮದುವೆ ಮನೆಗೆ ನೆಂಟರನ್ನು ಬಿಟ್ಟ ಹಾಗೆ. ನಿಧಾನಕ್ಕೆ ಬರುವಾಗ ತೊಂದರೆಯಿಲ್ಲ, ಎಲ್ಲರೂ ಒಟ್ಟಿಗೆ ನುಗ್ಗಿದರೆ ಸಿಕ್ಕಿಕೊಳ್ಳುತ್ತಾರೆ. ಮನ್ರೋ ಆ ಏರ್ಪಾಟನ್ನೇ ಕಿತ್ತು, ವಾಲ್ವುಗಳನ್ನು ತಲೆಯ ಮೇಲಕ್ಕೆ ಒಯ್ದ. ತಿರುಗುತ್ತಾ ವಾಲ್ವುಗಳನ್ನು ಎತ್ತಿ ಬಿಡುವ ಉಬ್ಬಿನ ತುಂಡಿಗೆ ಕ್ಯಾಮ್ ಅನ್ನುತ್ತೇವೆ, ಅದು ಎರಡಿದ್ದ ಜಾಗದಲ್ಲಿ ನಾಲ್ಕು ಕೂರಿಸಿದ. ಇದಕ್ಕೆ ಅಂಗಡಿಯಲ್ಲಿ ಕಿಟ್ಟು ಸಿಗುತ್ತಿರಲಿಲ್ಲ. ಕ್ಯಾಮ್, ಅದರ ಮೇಲೆ ಕೂರುವ ಫಾಲೋಯರ್, ಬ್ಯಾರೆಲ್ ಅಂದರೆ ಸಿಲಿಂಡರಿನ ಕೊಳವೆ, ಪಿಸ್ಟನ್, ಫ್ಲೈವ್ಹೀಲ್, ಆಯಿಲ್ ಹರಿಯುವ ವ್ಯವಸ್ಥೆ, ಎಲ್ಲವೂ ಕೈಯಲ್ಲಿ ಮಾಡಿದ್ದು.

ಪಿಸ್ಟನ್ ಒಂದನ್ನೇ ತೆಗೆದುಕೊಳ್ಳಿ. ಹಳೆಯ ಡಬ್ಬಗಳನ್ನೇ ಅಚ್ಚು ಮಾಡಿಕೊಂಡು ಎರಕ ಹೊಯ್ಯುತ್ತಿದ್ದ. ಕೇಳೋಕೆ ಸುಲಭ. ಕರಗಿದ ಅಲ್ಯೂಮಿನಿಯಂ ಗಾಳಿಯಲ್ಲಿನ ತೇವದಿಂದ ಹೈಡ್ರೋಜನ್ ಅನಿಲವನ್ನು ಹೀರಿಕೊಳ್ಳುತ್ತೆ. ಆರುವಾಗ ಅದು ಗುಳ್ಳೆಯಾಗಿ ಒಳಗೇ ಉಳಿಯುತ್ತೆ. ಹೊರಗಿನಿಂದ ಬೆಳ್ಳಿ ಲೋಟದ ಹಾಗೆ ಹೊಳೆಯುವ ಎರಕವನ್ನು ಲೇತಿಗೆ ಕಟ್ಟಿ ಒಂದು ಕಟ್ ತೆಗೆದರೆ, ಒಳಗೆ ಇಡ್ಲಿ. ಬಿಸಾಕಬೇಕು, ಮತ್ತೆ ಕರಗಿಸಬೇಕು.

ಸರಿ, ಒಳ್ಳೆಯ ಎರಕ ಬಂತು ಅಂತಿಟ್ಟುಕೊಳ್ಳಿ. ಎಷ್ಟಕ್ಕೆ ಟರ್ನ್ ಮಾಡುತ್ತೀರಿ? ಅಲ್ಯೂಮಿನಿಯಂ ಬಿಸಿಯಾದರೆ ಬೀಡು ಕಬ್ಬಿಣದ ಎರಡರಷ್ಟು ಹಿಗ್ಗುತ್ತೆ. 80 ಮಿಲಿಮೀಟರಿನ ಪಿಸ್ಟನ್ 200 ಡಿಗ್ರಿ ಬಿಸಿ ಏರಿದರೆ ಸುಮಾರು 0.37 ಮಿಲಿಮೀಟರ್ ದಪ್ಪಗಾಗುತ್ತೆ. ಬೀಡು ಕಬ್ಬಿಣದ ಬ್ಯಾರೆಲ್ಲೂ ಅಷ್ಟೇ ಬಿಸಿಯಾದರೂ ಅದು ದೊಡ್ಡದಾಗುವುದು 0.18. ಉಳಿದದ್ದನ್ನು ನೀವು ಮೊದಲೇ ಜಾಗ ಬಿಟ್ಟಿರಬೇಕು. ಬಿಡದಿದ್ದರೆ ಪಿಸ್ಟನ್ ಹಿಡಿದುಕೊಳ್ಳುತ್ತೆ. ಜಾಸ್ತಿ ಬಿಟ್ಟರೆ ತಣ್ಣಗಿರುವಾಗ ಗಡಗಡ ಅನ್ನುತ್ತೆ, ಆಯಿಲ್ ಕುಡಿಯುತ್ತೆ. ಅದೂ ಸಾಲದು, ಪಿಸ್ಟನ್ನಿನ ತಲೆ ಬುಡಕ್ಕಿಂತ ಜಾಸ್ತಿ ಕಾಯುತ್ತೆ, ಆದ್ದರಿಂದ ತಲೆಯ ಕಡೆ ಸ್ವಲ್ಪ ಸಣ್ಣ ಮಾಡಬೇಕು. ಎಷ್ಟು ಸ್ವಲ್ಪ? ಓಡಿಸಿ, ಬಿಚ್ಚಿ, ಎಲ್ಲಿ ಉಜ್ಜಿದೆ ಅಂತ ಗೆರೆ ನೋಡಿಯೇ ತಿಳಿಯಬೇಕು.

ಈ ಪಿಸ್ಟನ್ ನೋಡಿ, ಕೈಯಿಂದ ಕೈಗೆ ದಾಟಿಸಿ. ಇದು ನನ್ನ ಪ್ರಸಾದ. ಹೊಸದಾಗಿ ಬೋರಿಂಗ್ ಮೆಷಿನ್ ತಂದಿದ್ದ ಕಾಲ. ಒಬ್ಬರ ಟೂ ಸ್ಟ್ರೋಕ್ ಬೈಕಿಗೆ ರೀಬೋರ್ ಮಾಡಿ, ಅಂದರೆ ಸಿಲಿಂಡರಿನ ಒಳಗನ್ನು ಮತ್ತೆ ಕೊರೆದು, ಕ್ಲಿಯರೆನ್ಸು ಬಿಗಿಯಾಗಿದ್ದರೆ ಒಳ್ಳೆಯದು ಅಂದುಕೊಂಡು, ಬಿಡಬೇಕಾದದ್ದರಲ್ಲಿ ಅರ್ಧ ಬಿಟ್ಟೆ. ತುಮಕೂರು ರಸ್ತೆಯಲ್ಲಿ ಹಿಂದಿನ ಚಕ್ರ ಕಟ್ಟಿಕೊಂಡಿತು. ಪುಣ್ಯಕ್ಕೆ ಅವರು ಕ್ಲಚ್ಚು ಹಿಡಿದರು, ಬಿದ್ದು ಏಟಾಗಲಿಲ್ಲ. ಬೈಕು ತಳ್ಳಿಕೊಂಡು ನನ್ನ ಶೆಡ್ಡಿಗೇ ಬಂದರು, ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ಈ ಪಿಸ್ಟನ್ ಇಟ್ಟುಕೊಳ್ಳುತ್ತಿರಲಿಲ್ಲವೇನೋ. ಪಕ್ಕದಲ್ಲಿ ಮೇಲಿಂದ ಕೆಳಗೆ ಉಜ್ಜಿದ ಗೆರೆ ಕಾಣುತ್ತಿದೆಯಲ್ಲ, ಅದೇ.

ಮನ್ರೋನ ಹತ್ತಿರ ಇಂಥದ್ದು ಒಂದಲ್ಲ. ಶೆಡ್ಡಿನ ಗೋಡೆಗೆ ಒಂದು ಕಪಾಟು. ಅದರ ಮೇಲೆ ಒಡೆದ ಪಿಸ್ಟನ್ನುಗಳು, ಮುರಿದ ರಾಡುಗಳು, ಸುಟ್ಟ ವಾಲ್ವುಗಳು. ಕಪಾಟಿಗೆ ಕೈಯಲ್ಲಿ ಬರೆದ ಹೆಸರು: "ವೇಗದ ದೇವರಿಗೆ ಅರ್ಪಿಸಿದ್ದು". ನಮ್ಮಲ್ಲಿ ಆಯುಧಪೂಜೆಗೆ ಕೆಲಸ ಮಾಡುವ ಮೆಷಿನ್ನಿಗೆ ಕುಂಕುಮ ಇಡುತ್ತೇವೆ, ಮುರಿದದ್ದನ್ನು ಗುಜರಿಗೆ ಹಾಕುತ್ತೇವೆ. ಅವನು ಮುರಿದದ್ದಕ್ಕೇ ಗೂಡು ಕಟ್ಟಿದ್ದ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಆ ಕಪಾಟು. ದಾಖಲೆಯ ಅಂಕಿ ಕಾಗದದ ಮೇಲಿರುತ್ತೆ. ಅದನ್ನು ಹೇಗೆ ಮುಟ್ಟಿದ ಅನ್ನುವುದು ಅಲ್ಲಿತ್ತು, ಸಾಲಾಗಿ, ಯಾವುದು ಎಲ್ಲಿ ಬಿರುಕು ಬಿಟ್ಟಿತು ಅನ್ನುವುದರ ಸಮೇತ.

ಪಿಸ್ಟನ್ನನ್ನು ಕೆಳಗಿನ ತಿರುಗುವ ಭಾಗಕ್ಕೆ ಜೋಡಿಸುವ ಕನೆಕ್ಟಿಂಗ್ ರಾಡ್ ಯಾಕೆ ಅಷ್ಟು ಮುರಿಯಿತು? ಲೆಕ್ಕ ನಿಮಗೆ ಗೊತ್ತು. ಪಿಸ್ಟನ್ ಮೇಲೆ ಹೋಗಿ ನಿಂತು ತಿರುಗಿ ಬರುವಾಗ ರಾಡನ್ನು ಎಳೆಯುವ ಜಗ್ಗು ಎಂಜಿನ್ನಿನ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. ಸುತ್ತು ಎರಡರಷ್ಟಾದರೆ ಜಗ್ಗು ನಾಲ್ಕರಷ್ಟು. ಹೊಲ ಸುತ್ತೋಕೆ ಮಾಡಿದ ರಾಡು ಅದನ್ನು ತಡೆಯಲ್ಲ. ಹಾಗಾಗಿ ಹಳೆಯ ಆಕ್ಸಲ್ಲಿನ ಗಟ್ಟಿ ಉಕ್ಕು ತಂದು, ಅದರಲ್ಲೇ ಕೈಯಾರೆ ರಾಡು ಕೆತ್ತಿ, ಹದ ಕೊಟ್ಟುಕೊಂಡ. ಅರ ಹಿಡಿದು ರಾಡು ಕೆತ್ತುವುದು ಅಂದರೆ ಏನು ಅಂತ ನಿಮ್ಮ ಫಿಟ್ಟಿಂಗ್ ಕ್ಲಾಸಿನಲ್ಲಿ ಒಂದು ಚೌಕದ ತುಂಡನ್ನು ಸಮ ಮಾಡೋಕೆ ಒದ್ದಾಡಿದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

(ಇಲ್ಲಿ ಕರೆಂಟು ಹೋಯಿತು.)

ಕೇಳಿಸ್ತಾ ಇದೆಯಾ ಹಿಂದೆ? ಸರಿ.

ಈಗ ಸ್ಪೋಕ್ ವಿಷಯ. ಕೂದಲೆಳೆಯಷ್ಟು ವ್ಯತ್ಯಾಸ ಅಳೆಯುವ ಸಲಕರಣೆಗೆ ಮೈಕ್ರೋಮೀಟರ್ ಅನ್ನುತ್ತೇವೆ. ಕೊನೆಯ ಹಂತದ ಅಳತೆಗೆ ಅವನು ಬಳಸುತ್ತಿದ್ದ ಮೈಕ್ರೋಮೀಟರ್ ಒಂದು ಹಳೆಯ ಸ್ಪೋಕ್ ಕಡ್ಡಿ ಅಂತ ಎಲ್ಲರೂ ಬರೆಯುತ್ತಾರೆ. ಓದಿದವರು "ಅಬ್ಬಾ, ಎಂಥ ಬಡತನ" ಅಂತ ಮರುಗಿ ಪುಟ ತಿರುಗಿಸುತ್ತಾರೆ. ನನಗೆ ಮರುಕ ಬರಲಿಲ್ಲ, ನಮ್ಮ ಗುರುಗಳ ನೆನಪು ಬಂತು. ಅವರು ಹಳೆಯ ಕಾಲದ ಫಿಟ್ಟರ್. ಸಿಲಿಂಡರಿನ ಒಳಗಳತೆಗೆ ಒಂದು ಕಡ್ಡಿ ಇಟ್ಟುಕೊಂಡಿದ್ದರು.

ಮೇಜಿನ ಮೇಲೆ ಈ ಬ್ಯಾರೆಲ್ ತಂದಿದ್ದೇನೆ. ಇದು ಬೈಕಿನ ಸ್ಪೋಕು, ಎರಡೂ ತುದಿ ಅರದಲ್ಲಿ ಗುಂಡಗೆ ಮಾಡಿ ಸರಿಯಾಗಿ 80 ಮಿಲಿಮೀಟರಿಗೆ ತಂದಿದ್ದೇನೆ. ಒಂದು ತುದಿಯನ್ನು ಒಳಗೋಡೆಗೆ ಒತ್ತಿ ಹಿಡಿಯಿರಿ. ಇನ್ನೊಂದು ತುದಿಯನ್ನು ಎದುರುಗೋಡೆಯ ಮೇಲೆ ಅಕ್ಕಪಕ್ಕ ಆಡಿಸಿ. ಬೋರು, ಅಂದರೆ ಒಳಗಿನ ಅಡ್ಡಳತೆ, ಸರಿಯಾಗಿ 80 ಇದ್ದರೆ ಕಡ್ಡಿ ಆಡುವುದೇ ಇಲ್ಲ. ಕೂದಲಷ್ಟು ದೊಡ್ಡದಿದ್ದರೂ ಆಡುತ್ತೆ. ಈ ಅಂಚಿನಿಂದ ಆ ಅಂಚಿಗೆ ಎಷ್ಟು ಆಡಿತು ಅಂತ ಸ್ಕೇಲಿನಲ್ಲಿ ನೋಡಿ. ಆ ಆಟವನ್ನು ಅದರಿಂದಲೇ ಗುಣಿಸಿ, ಕಡ್ಡಿಯ ಉದ್ದದ ಎಂಟರಷ್ಟರಿಂದ ಭಾಗಿಸಿ. 8 ಮಿಲಿಮೀಟರ್ ಆಡಿದರೆ 64 ಭಾಗಿಸು 640, ಅಂದರೆ ಬೋರು 0.1 ಮಿಲಿಮೀಟರ್ ದೊಡ್ಡದು. 4 ಮಿಲಿಮೀಟರ್ ಆಡಿದರೆ 16 ಭಾಗಿಸು 640, ಅಂದರೆ 25 ಮೈಕ್ರಾನ್. ಸ್ಕೂಲು ಮಕ್ಕಳ ಸ್ಕೇಲಿನಲ್ಲಿ ಕಣ್ಣಿಗೆ ಕಾಣುವ ಆಟ, ಅಳೆಯುತ್ತಿರುವುದು ಮಿಲಿಮೀಟರಿನ ನೂರರಲ್ಲಿ ಎರಡೂವರೆ ಭಾಗ. ಇದು ಮಂತ್ರವಲ್ಲ, ವೃತ್ತದ ಜ್ಯಾ ಬಗ್ಗೆ ನೀವು ಓದಿದ್ದೇ. ಗಣಿತದ ಮೇಷ್ಟ್ರು ಇದ್ದರೆ ಬೋರ್ಡಿನ ಮೇಲೆ ಸಾಧಿಸಿ ತೋರಿಸುತ್ತಾರೆ.

ಕಡ್ಡಿಯಲ್ಲಿ ಬಡತನ ಇದೆ ನಿಜ, ಆದರೆ ಅಳತೆಯಲ್ಲಿ ಇಲ್ಲ.

ಈಗ ಬೇಗ ಬೇಗ ಹೇಳಿ ಮುಗಿಸುತ್ತೇನೆ, ಊಟಕ್ಕೆ ಹೊತ್ತಾಯಿತು. ಊರಿನ ಹತ್ತಿರ ಓರೆಟಿ ಅಂತ ಉದ್ದನೆಯ ಸಮುದ್ರ ತೀರ. ಅಲೆ ಇಳಿದ ಮೇಲೆ ಮರಳು ಗಟ್ಟಿಯಾಗುತ್ತೆ. ಅಲ್ಲಿ ಓಡಿಸಿ, ಮುರಿದು, ಮತ್ತೆ ಕಟ್ಟಿ, 1938ರಿಂದ ನ್ಯೂಜಿಲೆಂಡಿನ ದಾಖಲೆಗಳನ್ನು ಒಂದೊಂದಾಗಿ ಬರೆಸಿಕೊಂಡ. 1957ರಲ್ಲಿ ಒಂದು ಅಮೆರಿಕನ್ ಪತ್ರಿಕೆ ಅವನ ಹೆಸರಿನಲ್ಲಿ 'ಇ' ಇದ್ದ ಕಡೆ 'ಯು' ಅಚ್ಚು ಹಾಕಿತು. ತಿದ್ದೋಕೆ ಹೋಗದೆ ತಾನೇ ಹಾಗೆ ಬರೆದುಕೊಳ್ಳೋಕೆ ಶುರು ಮಾಡಿದ. ಕನ್ನಡದಲ್ಲಿ ಎರಡೂ ಬರ್ಟೇ, ನಮಗೆ ಆ ತೊಂದರೆಯಿಲ್ಲ.

ಅಮೆರಿಕದ ಯೂಟಾ ರಾಜ್ಯದಲ್ಲಿ ಬಾನ್‌ವಿಲ್ ಅಂತ ಉಪ್ಪಿನ ಬಯಲು. ಒಣಗಿದ ಸರೋವರದ ತಳ, ಕಣ್ಣು ಹಾಯುವವರೆಗೂ ಬಿಳಿ, ಮಧ್ಯೆ ದಾರಿ ತೋರಿಸೋಕೆ ಎಳೆದ ಒಂದು ಕಪ್ಪು ಗೆರೆ. ಮೊದಲ ಸಲ ಬರೀ ನೋಡೋಕೆ ಹೋಗಿದ್ದ. 1962ರಲ್ಲಿ ಬೈಕನ್ನು ಹಡಗಿಗೆ ಹಾಕಿಕೊಂಡು ಹೋದ. ಅವನಿಗೆ 63, ಬೈಕಿಗೆ 42. ಎಂಜಿನ್ 850 ಸಿಸಿಗೆ ಬೆಳೆದಿತ್ತು. 883 ಸಿಸಿ ವರ್ಗದಲ್ಲಿ ಗಂಟೆಗೆ 178.95 ಮೈಲಿ, ನಮ್ಮ ಲೆಕ್ಕದಲ್ಲಿ 288 ಕಿಲೋಮೀಟರು. 1966ರಲ್ಲಿ ಮೇಲಿನ ವರ್ಗದಲ್ಲಿ ಇನ್ನೊಂದು ದಾಖಲೆ. 1967ರಲ್ಲಿ, 68ನೇ ವಯಸ್ಸಿನಲ್ಲಿ, 950 ಸಿಸಿ ಎಂಜಿನ್ನಿನಲ್ಲಿ, 183.59 ಮೈಲಿ. ಅರ್ಹತೆಗೆ ಓಡಿದ ಒಂದು ಸುತ್ತಿನಲ್ಲಿ 190.07 ಮೈಲಿ, ಅಂದರೆ 305 ಕಿಲೋಮೀಟರು ದಾಟಿತ್ತು. ಆದರೆ ದಾಖಲೆಗೆ ಹೋಗುತ್ತಾ ಒಂದು ಓಟ, ಬರುತ್ತಾ ಒಂದು ಓಟ, ಎರಡರ ಸರಾಸರಿ ಬೇಕು. ಗಾಳಿ ಒಂದು ಕಡೆಗೆ ಸಹಾಯ ಮಾಡಿದರೆ ಇನ್ನೊಂದು ಕಡೆಗೆ ಕಾಸು ವಾಪಸು ಕಿತ್ತುಕೊಳ್ಳಲಿ ಅಂತ.

ಎಂಜಿನ್ ದೊಡ್ಡದು ಮಾಡಿದರೆ ವೇಗ ಬರುತ್ತೆ ಅಂದುಕೊಳ್ಳುವವರಿಗೆ ಒಂದು ಲೆಕ್ಕ. ಗಾಳಿಯನ್ನು ಸೀಳೋಕೆ ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತೆ. 55 ಮೈಲಿಯಿಂದ 184 ಮೈಲಿಗೆ ಹೋಗಬೇಕಾದರೆ, ಬೈಕಿನ ಆಕಾರ ಅದೇ ಇದ್ದರೆ, ಸುಮಾರು 37 ಪಟ್ಟು ಶಕ್ತಿ ಬೇಕು. ಸಿಸಿ ಏರಿದ್ದು ಒಂದೂವರೆ ಪಟ್ಟು ಚಿಲ್ಲರೆ. ಉಳಿದದ್ದು ಎಲ್ಲಿಂದ? ಸ್ವಲ್ಪ ವಾಲ್ವುಗಳಿಂದ, ಸ್ವಲ್ಪ ಕಂಪ್ರೆಷನ್ನಿನಿಂದ, ಸ್ವಲ್ಪ ಏರಿಸಿದ ಸುತ್ತಿನಿಂದ, ಇನ್ನುಳಿದದ್ದು ಮೇಲೆ ಹೊದಿಸಿದ ಮೀನಿನಂಥ ಚಿಪ್ಪಿನಿಂದ. ಆ ಚಿಪ್ಪಿನೊಳಗೆ ಹೊಟ್ಟೆಯ ಮೇಲೆ ಮಲಗಿದ ಹಾಗೆ ಬಾಗಿ ಓಡಿಸುತ್ತಿದ್ದ. ಇನ್ನೊಂದು ಕಷ್ಟ: ಬಾನ್‌ವಿಲ್ ನಮ್ಮ ಬೆಂಗಳೂರಿಗಿಂತ ಮುನ್ನೂರು ಮೀಟರಿಗೂ ಎತ್ತರ. ಗಾಳಿ ತೆಳು. ಸೀಳೋಕೆ ಸುಲಭ, ಆದರೆ ಎಂಜಿನ್ನಿಗೆ ಉಸಿರಾಡೋಕೆ ಕಷ್ಟ. ಸಮುದ್ರ ಮಟ್ಟದಲ್ಲಿ ಟ್ಯೂನ್ ಮಾಡಿದ ಕಾರ್ಬುರೇಟರ್ ಅಲ್ಲಿಗೆ ಹೋದರೆ ಪೆಟ್ರೋಲು ಜಾಸ್ತಿ ಕೊಡುತ್ತೆ. ಬೈಕಿನಲ್ಲಿ ಮುಳ್ಳಯ್ಯನಗಿರಿ ಹತ್ತಿದವರಿಗೆ ಇದು ಅನುಭವಕ್ಕೆ ಬಂದಿರುತ್ತೆ.

ಚಿಪ್ಪು ಹೊದ್ದ ಬೈಕು ಒಮ್ಮೆ ಅಲುಗಾಡೋಕೆ ಶುರುವಾದರೆ ನಿಲ್ಲಿಸುವುದು ಕಷ್ಟ. 1967ರ ಒಂದು ಓಟದಲ್ಲಿ ಅರ್ಧ ದಾರಿ ದಾಟಿದ ಮೇಲೆ ಹಾಗಾಯಿತು ಅಂತ ಅವನೇ ಹೇಳಿಕೊಂಡಿದ್ದಾನೆ. ವೇಗ ಇಳಿಸೋಣ ಅಂತ ಎದ್ದು ಕೂತ, ಎದೆಗೆ ಗಾಳಿ ಹೊಡೆಯಲಿ ಅಂತ. ಗಾಳಿ ಕನ್ನಡಕವನ್ನೇ ಕಿತ್ತುಕೊಂಡು ಹೋಯಿತು, ಕಣ್ಣು ಕಾಣಿಸಲಿಲ್ಲ. ಕಪ್ಪು ಗೆರೆ ಬಿಟ್ಟು ದೂರ ಹೋಗಿ ಒಂದು ಉಕ್ಕಿನ ಗೂಟವನ್ನು ಅಂಗುಲಗಳಲ್ಲಿ ತಪ್ಪಿಸಿಕೊಂಡ. ಕೊನೆಗೆ ಬೈಕನ್ನು ತಾನೇ ಪಕ್ಕಕ್ಕೆ ಕೆಡವಿದ. ಅಲ್ಲಲ್ಲಿ ತರಚಿದ ಗಾಯ, ಅಷ್ಟೇ ಅಂತೆ. ಇದನ್ನು ಸಾಹಸ ಅಂತ ನಾನು ಹೊಗಳಲ್ಲ. 68ರ ಅಜ್ಜ ಮನೆಯಲ್ಲಿದ್ದರೆ ನಾವು ಸ್ಕೂಟರಿನ ಕೀ ಬಚ್ಚಿಡುತ್ತೇವೆ.

1978ರ ಜನವರಿಯಲ್ಲಿ ತೀರಿಕೊಂಡ. ಅದಾದ 36 ವರ್ಷಕ್ಕೆ, 2014ರಲ್ಲಿ, 1967ರ ದಾಖಲೆಯ ಲೆಕ್ಕದಲ್ಲಿ ತಪ್ಪಿದೆ ಅಂತ ಮಗ ಜಾನ್ ಕಂಡುಹಿಡಿದ. ಅಮೆರಿಕದ ಮೋಟಾರ್‌ಸೈಕಲ್ ಸಂಘದವರು ಮತ್ತೆ ಲೆಕ್ಕ ಹಾಕಿ ನೋಡಿದರು. ತಪ್ಪಿತ್ತು. ದಾಖಲೆ 184.087 ಮೈಲಿ ಅಂತ ತಿದ್ದಿದರು. ಸತ್ತ ಮೇಲೂ ಅರ್ಧ ಮೈಲಿ ಜೋರಾಗಿ ಓಡಿದ. ಜೀವನವಿಡೀ ಕಡ್ಡಿಯಲ್ಲಿ ಅಳೆದವನ ಲೆಕ್ಕ ತಪ್ಪಿದ್ದು ಅಧಿಕಾರಿಗಳ ಕಾಗದದಲ್ಲಿ.

ಅದೇ ದೇಶದ ಕ್ರೈಸ್ಟ್‌ಚರ್ಚ್‌ನಲ್ಲಿ ಮುಂದೆ ಜಾನ್ ಬ್ರಿಟನ್ ಎಂಬ ಎಂಜಿನಿಯರ್ ಹುಟ್ಟಿದ. ಅವನು ಕಟ್ಟಿದ ಬ್ರಿಟನ್ ವಿ1000 ರೇಸ್ ಬೈಕು ಇರುವುದು ಹತ್ತೇ ಹತ್ತು, ಎಂಜಿನ್ ಸಮೇತ ಅವನದ್ದೇ. ಎರಕದ ಬಿಡಿಭಾಗಗಳಿಗೆ ಹದ ಕೊಟ್ಟದ್ದು ಹೆಂಡತಿ ಪಿಂಗಾಣಿ ಸುಡುತ್ತಿದ್ದ ಗೂಡಿನಲ್ಲಿ. 1995ರಲ್ಲಿ 45ನೇ ವಯಸ್ಸಿಗೇ ಕ್ಯಾನ್ಸರಿನಿಂದ ಹೋಗಿಬಿಟ್ಟ. ಅವನದ್ದು ಬೇರೆಯೇ ಒಂದು ದಿನದ ಮಾತು, ಇನ್ನೊಮ್ಮೆ ಕರೆದರೆ ಹೇಳುತ್ತೇನೆ.

ಮನ್ರೋನ ಬೈಕು ಈಗ ಎಲ್ಲಿದೆ ಅಂತ ಮುಂದಿನ ಸಾಲಿನವರು ಕೇಳಿದರು. ಗಾಜಿನ ಮಹಲಿನಲ್ಲಿಲ್ಲ. ಇನ್ವರ್‌ಕಾರ್ಗಿಲ್‌ನಲ್ಲಿ ಇ. ಹೇಯ್ಸ್ ಅಂಡ್ ಸನ್ಸ್ ಅಂತ ಹಾರ್ಡ್‌ವೇರ್ ಅಂಗಡಿಯಿದೆ. ನಟ್ಟು ಬೋಲ್ಟು ಕೊಳ್ಳೋಕೆ ಹೋದವರು ಹಾಗೇ ತಿರುಗಿ ನೋಡಬಹುದು. ನಮ್ಮ ಎಸ್.ಪಿ. ರೋಡಿನ ಒಂದು ಅಂಗಡಿಯೊಳಗೆ ಇಟ್ಟ ಹಾಗೆ ಅಂತ ಕಲ್ಪಿಸಿಕೊಳ್ಳಿ, ಅಷ್ಟು ಇಕ್ಕಟ್ಟಿಲ್ಲ ಅಷ್ಟೇ.

ಪ್ರಶ್ನೆ ಕೇಳೋದು ಬೇಡ, ಯಾರಾದರೂ ಬಂದು ಈ ಕಡ್ಡಿ ಆಡಿಸಿ ಅಂದೆ. ಹುಡುಗರು ಒಬ್ಬರನ್ನೊಬ್ಬರು ತಳ್ಳುತ್ತಾ ಕೂತರು. ಮೂರನೇ ಸಾಲಿನಿಂದ ಒಬ್ಬ ಹುಡುಗಿ ಎದ್ದು ಬಂದಳು. ಮೊಬೈಲಿನ ಟಾರ್ಚು ಹಾಕಿ ಬ್ಯಾರೆಲ್ಲಿನೊಳಗೆ ಬಗ್ಗಿ, ಸ್ಪೋಕಿನ ಒಂದು ತುದಿ ಒತ್ತಿ ಹಿಡಿದಳು. ಮೊದಲ ಸಲ ಕಡ್ಡಿ ಓರೆಯಾಗಿ ಬಂದದ್ದಕ್ಕೆ ಬಿಟ್ಟು, ಮತ್ತೆ ನೆಟ್ಟಗೆ ಹಿಡಿದು ಆಡಿಸಿದಳು. "ಆರು ಮಿಲಿಮೀಟರ್ ಸಾರ್" ಅಂದಳು. ಬೋರ್ಡಿನ ಮೇಲೆ 36 ಭಾಗಿಸು 640 ಬರೆದು, "ಸೊನ್ನೆ ಪಾಯಿಂಟ್ ಸೊನ್ನೆ ಐದು ಆರು". ಅವರ ಲ್ಯಾಬಿನ ಬೋರ್ ಗೇಜ್ ತರಿಸಿ ಅದೇ ಜಾಗದಲ್ಲಿ ಇಳಿಬಿಟ್ಟೆವು. 0.06 ತೋರಿಸಿತು.

ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ: "ಹಾಗಾದ್ರೆ ಅಷ್ಟು ದುಡ್ಡು ಕೊಟ್ಟು ಗೇಜ್ ಯಾಕೆ ಸಾರ್ ತರೋದು?"

ಅದನ್ನು ನಿಮ್ಮ ಎಚ್‌ಓಡಿ ಅವರನ್ನೇ ಕೇಳಪ್ಪ ಅಂದೆ. ಅಷ್ಟರಲ್ಲಿ ಕರೆಂಟು ಬಂತು.